ಹಾಳೂರಲ್ಲಿ ಊಟಕ್ಕೆ ಕರೆಯಬೇಡಿ

ಮಧ್ಯಾಹ್ನ ಶುರುವಾದ ಮಳೆ ಸಂಜೆಯಾದರೂ ಬಿಡಲಿಲ್ಲ. ಟುನೀಶಿಯಾದ ಆ ಗುಡ್ಡದೂರಿನ ಕಾಫಿ ಅಂಗಡಿಯಲ್ಲಿ ನಾವು ನಾಲ್ಕಾರು ಮಂದಿ ಒಲೆಯ ಸುತ್ತ ಕೂತಿದ್ದೆವು. ಮಳೆ ನಿಂತ ಮೇಲೆ ಗೆಳೆಯರೆಲ್ಲ ಸೇರಿ, ಬುತ್ತಿ ಕಟ್ಟಿಕೊಂಡು, ಮೇಲಿನ ರೋಮನ್ ಹಾಳೂರಿಗೆ ಹೋಗುವ ಮಾತು ನಡೆದಿತ್ತು. ಮೂಲೆಯಲ್ಲಿ ಚಹಾ ಹೀರುತ್ತಿದ್ದ ಶೆದ್ಲಿ ಅಜ್ಜ ಲೋಟ ಕೆಳಗಿಟ್ಟ.

"ಹೋಗ್ರಪ್ಪಾ, ಬೇಡ ಅಂದ್ರೆ ನೀವು ಕೇಳ್ತೀರಾ? ನಾವೂ ಹಿಂಗೇ ಹೋಗಿದ್ವಿ... ನಾನು, ರಿದಾ, ಮೊಂಗಿ. ಮಾರನೇ ದಿನ ಮೊಂಗಿಗೂ ನನ್ನ ತಂಗಿ ಸಾಲ್ಹಾಗೂ ಮದುವೆ. ಕಿರುಬೆರಳಿಗೆ ಮದರಂಗಿ ಹಚ್ಚಿಸ್ಕೊಂಡಿದ್ದ ಮದುಮಗ, ಮನೇಲಿ ಹೆಂಗಸರ ಗಲಾಟೆ ತಡೀಲಾರದೆ ನಮ್ಮನ್ನ ಎಳ್ಕೊಂಡು ಹೊರಟ.

"ಅಲ್ಲಿ ಪಾಳುಗುಡಿ ಮೆಟ್ಟಿಲ ಮೇಲೆ ರೊಟ್ಟಿ, ಆಲಿವ್, ಖಾರದ ಹರೀಸಾ ಚಟ್ನಿ ಹರಡ್ಕೊಂಡು ಕೂತಿದ್ವಿ. ಯಾರೋ ಮುಂದೆ ಹಾದುಹೋದ... ಮೈಗೆ ಬಿಳಿ ಬಟ್ಟೆ ಸುತ್ಕೊಂಡಿದ್ದ. 'ಹಮಾಮಲ್ಲಿ ಮೀಯ್ತಿದ್ದೋನು ಹಂಗೇ ಎದ್ದು ಬಂದವ್ನೆ ನೋಡು' ಅಂತ ರಿದಾ ಕಿಸಕ್ಕಂದ. ಮೊಂಗಿ ತಲೆ ಎತ್ತಲೂ ಇಲ್ಲ. ಬಾಯ್ತುಂಬ ರೊಟ್ಟಿ ಇಟ್ಕೊಂಡೇ, 'ಬಾರಪ್ಪಾ, ಊಟ ಮಾಡು' ಅಂದ. ನಮ್ಮಲ್ಲಿ ಹಂಗೆ ಅನ್ನದೇ ಇರೋರು ಯಾರು? ಉಣ್ಣೋವಾಗ ಆಗದವನು ಹಾದುಹೋದ್ರೂ ಕರೀತೀವಿ. ಬರಲಿ ಅಂತೇನು ಕರೆಯಲ್ಲ, ಅವನೂ 'ದೇವರು ಒಳ್ಳೇದು ಮಾಡ್ಲಿ' ಅಂತ ಮುಂದೆ ಹೋಗ್ತಾನೆ... ಇವನು ಬಂದು ಕೂತ.

"ತಿಂದ. ಎಷ್ಟೋ ಕಾಲದಿಂದ ಯಾರೂ ಕರೆದೇ ಇಲ್ಲ ಅನ್ನೋ ಹಾಗೆ ತಿಂದ. ಆಮೇಲೆ ಕೈ ಒರೆಸ್ಕೊಂಡು ಮೊಂಗಿಗೆ ಹೇಳಿದ, 'ನಿನ್ನ ರೊಟ್ಟಿ ತಿಂದೆ. ಇನ್ನು ನೀನು ನಮ್ಮನೆಗೆ ಬರಬೇಕು.' ಬರಲ್ಲ ಅಂತ ಹೆಂಗೆ ಹೇಳೋದು? ಮೊಂಗಿ ನಗ್ತಾ ಎದ್ದ. ಹಿಂದೇ ನಾವೂ ಹೋದ್ವಿ. ಸೂರಿಲ್ಲದ ಒಂದು ಕೋಣೆ, ಮೋಟುಗೋಡೆ, ಹೊಸ್ತಿಲು. ಮೊಂಗಿ ಮರ್ಯಾದಸ್ಥ... ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಅಷ್ಟೇ. ಆ ಕೋಣೇಲಿ ಬಿಸಿಲು ಬಿಟ್ರೆ ಏನೂ ಇರ್ಲಿಲ್ಲ.

"ಪೊಲೀಸರು ಏನಂದ್ರು ಗೊತ್ತಾ? ಮದುವೆಗೆ ಹೆದರಿ ದೋಣಿ ಹತ್ತಿ ಇಟಲಿಗೆ ಓಡಿಹೋದ ಅಂತ. ಊರೂ ಅದನ್ನೇ ಅಂತು. ನನ್ನ ಪಕ್ಕದಲ್ಲೇ ನಿಂತು ಕಣ್ಣಾರೆ ಕಂಡಿದ್ದ ರಿದಾ, ತಾನು ನಿದ್ದೆ ಮಾಡ್ತಿದ್ದೆ ಅಂದ. ಓಡಿಹೋಗೋನು ಚಪ್ಪಲಿ ಬಿಟ್ಟು ಹೋಗ್ತಾನಾ? ಯಾರೂ ಕೇಳಲಿಲ್ಲ. ಗಂಡು ಬಿಟ್ಟುಹೋದವಳು ಅಂತ ಸಾಲ್ಹಾನ ಆಡ್ಕೊಂಡ್ರು, ಅವಳ ಕೂದಲು ಬೆಳ್ಳಗಾಗೋವರೆಗೂ ಆಡ್ಕೊಂಡ್ರು. ಈ ಊರಿನವರ ಮುಖ ಕಂಡ್ರೆ ನನಗೆ ಇವತ್ತಿಗೂ ಮೈ ಉರಿಯುತ್ತೆ.

"ಅವಳೊಬ್ಬಳು ನನ್ನ ಮಾತು ನಂಬಿದ್ಲು. ಪ್ರತಿ ವಸಂತದಲ್ಲೂ ರೊಟ್ಟಿ ಕಟ್ಕೊಂಡು ಹೋಗಿ ಆ ಮೆಟ್ಟಿಲ ಮೇಲೆ ಕೂರೋಳು. ಹೋದ ವರ್ಷ ಅಲ್ಲಿನ ಕಾವಲುಗಾರ ನೋಡಿದ್ನಂತೆ... ಮುದುಕಿ ಯಾರನ್ನೋ 'ಮೊಂಗಿ, ಬಾ, ಊಟ ಮಾಡು' ಅಂತ ಕರೆದ್ಲು, ರೊಟ್ಟಿ ಮುರಿದುಕೊಟ್ಲು, ಹುಡುಗಿ ಥರ ನಕ್ಕಳು, ಎದ್ದು ಹೋದ್ಲು. ಹೊಸ್ತಿಲ ಹತ್ರ ಅವಳ ಚಪ್ಪಲಿ ಸಿಕ್ತು."

ಅಜ್ಜ ಲೋಟ ಎತ್ತಿ ಒಂದು ಗುಟುಕು ಚಹಾ ಹೀರಿದ. ಕೊನೆಗೂ ಸೇರಿಕೊಂಡಳಲ್ಲ, ಪುಣ್ಯವಂತೆ ಎಂದು ನಮ್ಮಲ್ಲೊಬ್ಬ ಮೆಲ್ಲಗೆ ಅಂದ.

"ಸೇರ್ಕೊಂಡ್ಲಾ? ನಾನೂ ಹಂಗೇ ಅಂದ್ಕೊಂಡಿದ್ದೆ ಕಣೋ. ಮೊನ್ನೆ ಶುಕ್ರವಾರ ಹೋಗಿದ್ದೆ. ಅದೇ ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚಿದೆ. ಸಾಲ್ಹಾ ಒಬ್ಬಳೇ ಬಂದ್ಲು... ಬರಿಗಾಲು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನನ್ನ ಮುಂದೇ ಓಡಾಡಿದ್ಲು, ಕಣ್ಣೆಲ್ಲ ರೊಟ್ಟಿ ಮೇಲೆ. 'ಬಾರಮ್ಮಾ, ಊಟ ಮಾಡು'... ಹಾಳಾದ್ದು, ನಾಲಿಗೆ ತುದಿಗೆ ಬಂದಿತ್ತು. ತಲೆ ಬಗ್ಗಿಸ್ಕೊಂಡು ಪೂರ್ತಿ ರೊಟ್ಟಿ ನಾನೊಬ್ಬನೇ ತಿಂದೆ. ನಾನು ಎದ್ದು ಬರೋವಾಗಲೂ ಅವಳು ಓಡಾಡ್ತಾನೇ ಇದ್ಲು."