ಅಜ್ಜಿಯ ಮುಂದೆ ಬಸ್ಕಿ

ಮತ್ತಿಕೆರೆ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬಳ ಕೊರಳಲ್ಲಿ ಆಫೀಸಿನ ಟ್ಯಾಗು, ವಯಸ್ಸಾದಾಕೆಯ ಮಡಿಲಲ್ಲಿ ಸೊಪ್ಪಿನ ಚೀಲ. ಮುಖ ಆಚೆ ತಿರುಗಿಸಿದರೂ ಮಾತು ಕಿವಿಗೆ ಬೀಳುತ್ತಿತ್ತು.

“ಭಾವನಾ, ನಿಮ್ಮತ್ತೆ ಹೇಗಿದಾರೆ? ಸ್ಟ್ರೋಕ್ ಆದ್ಮೇಲೆ ಮಾತು ಬಂತಾ?”

“ಇಲ್ಲ ಆಂಟಿ. ಈಗ ಮಗಳದ್ದೇ ಚಿಂತೆ. ಸ್ಕೂಲಿಂದ ಬಂದ ತಕ್ಷಣ ಅಜ್ಜಿ ಮಂಚದ ಮುಂದೆ ಕಿವಿ ಹಿಡ್ಕೊಂಡು ಬಸ್ಕಿ ಹೊಡೀತಾಳೆ.”

“ಯಾಕಮ್ಮಾ? ಏನ್ ತಪ್ಪು ಮಾಡಿದ್ಲು?”

“ಏನೂ ಇಲ್ಲ. ಅತ್ತೆ ಅವಳ ಮೇಲೆ ಕೈ ಎತ್ತಿದವರೇ ಅಲ್ಲ. ಹಠ ಮಾಡಿದ್ರೆ ಮಾತು ಬಿಡ್ತಿದ್ರು. ಬಸ್ಕಿ ಹೊಡೆದ್ರೆ ‘ಬಾ ಬಂಗಾರಿ’ ಅಂತ ಕರೆದು ಕಲ್ಲುಸಕ್ಕರೆ ಕೊಡ್ತಿದ್ರು.”

“ಅಜ್ಜಿಗೆ ಹುಷಾರಿಲ್ಲ ಅಂತ ಹೇಳ್ಬಾರ್ದಾ?”

“ಹೇಳ್ದೆ. ‘ಇಲ್ಲಮ್ಮ, ನಾನೇ ಏನೋ ತಪ್ಪು ಮಾಡಿದೀನಿ’ ಅಂತಾಳೆ.”

“ನಿಮ್ಮತ್ತೆಗೆ ಗೊತ್ತಾಗುತ್ತಾ?”

“ಎಲ್ಲಾ ಗೊತ್ತಾಗುತ್ತೆ ಆಂಟಿ. ಅಳ್ತಾರೆ. ಅದನ್ನ ನೋಡಿ, ಅಜ್ಜಿಗೆ ಇನ್ನೂ ಬೇಜಾರು ಹೋಗಿಲ್ಲ ಅಂತ ಇವಳು ಮತ್ತೆ ಶುರು ಮಾಡ್ತಾಳೆ.”

“ಕಲ್ಲುಸಕ್ಕರೆ ನೀನೇ ಕೊಟ್ಟು ನೋಡು.”

“ಕೊಟ್ಟೆ. ತಿನ್ನಲ್ಲ. ಅಜ್ಜಿ ಅಂಗೈಯಲ್ಲಿ ಇಟ್ಟು, ಎದುರಿಗೆ ಕೈ ಚಾಚ್ಕೊಂಡು ನಿಂತಿರ್ತಾಳೆ.”

ಯಲಹಂಕದ ಬಸ್ಸು ಬಂತು. ಇಬ್ಬರೂ ಹತ್ತಿದರು.