ಜಮೀಲನ ಕೊನೆಯ ಬಾಟಲಿ

ಓವರ್‌ಲೇಕ್ ರೈಲು ಸ್ಟೇಷನ್ನಿನ ಬೆಂಚಿನಲ್ಲಿ ಪಕ್ಕದ ಹೆಂಗಸು ಚೀಲದಿಂದ ಇ-ಸಿಗರೇಟಿಗೆ ತುಂಬುವ ದ್ರಾವಣದ ಬಾಟಲಿ ತೆಗೆದಾಗ, ಇಲ್ಲೇ ಹೊಗೆ ಬಿಡುತ್ತಾಳೆಂದು ಪ್ರೇಮಮ್ಮನಿಗೆ ಮೈ ಉರಿಯಿತು. ಬೈಯುವಷ್ಟರಲ್ಲಿ ಆ ಹೆಂಗಸು ಜೊತೆಗಿದ್ದ ಮೈದುನನಿಗೆ, ಆ ಪರದೇಶದಲ್ಲೂ ಕನ್ನಡದಲ್ಲೇ ಹೇಳಿದಳು:

“ಸಾಕಿಬ್, ಇದನ್ನ ಬಿಸಾಕು. ನಿಮ್ಮಣ್ಣನ ಬೀರುವಿನಲ್ಲಿತ್ತು.”

“ಭಾಬಿ, ಇದು ಜಮೀಲ್ ಭಾಯಿ ಕೊನೇಲಿ ಬೆರೆಸಿದ್ದು. ರುಚಿ ಕೂಡ್ಲಿ ಅಂತ ಕತ್ತಲಲ್ಲಿ ಮಾಗೋಕಿಟ್ಟಿದ್ದ.”

“ಗೊತ್ತು. ಉಪ್ಪಿನಕಾಯಿ ಜಾಡಿ ಥರ ದಿನಾ ಅಲ್ಲಾಡಿಸ್ತಿದ್ರು. ಅವತ್ತೂ ಇದಕ್ಕೇ ಜಗಳ ಆಡಿದೆ. ಕೋಪದಲ್ಲಿ ಕಾರ್ ಹತ್ತಿದ್ರು. ಡುವಾಲ್ ರೋಡಲ್ಲಿ ಆಕ್ಸಿಡೆಂಟಾಗಿ ಪ್ರಾಣಾನೇ ಹೋಯ್ತು.”

“ಇದರಲ್ಲಿ ನಿಕೋಟಿನ್ ಇಲ್ಲ, ಭಾಬಿ. ಚಟ ಬಿಡ್ತಿದ್ದ.”

“ನಂಗ್ಯಾಕೆ ಹೇಳಲಿಲ್ಲ?”

“ಎಷ್ಟೋ ಸಲ ಬಿಡ್ತೀನಿ ಅಂದು ಬಿಟ್ಟಿರಲಿಲ್ವಲ್ಲ. ನೀವು ನಗ್ತೀರಾ ಅಂತ.”

ಅವಳು ಮೆಲ್ಲಗೆ ಹೇಳಿದಳು: “ಹೌದು, ಹೇಳಿದ್ರೆ ನಗ್ತಿದ್ದೆ.”

ರೈಲು ಬಂತು. ಪ್ರೇಮಮ್ಮ ನೋಡುತ್ತಿದ್ದಂತೆ ಬಾಟಲಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಅವಳು ಮೈದುನನ ಹಿಂದೆ ಹತ್ತಿದಳು.