ಕ್ವಾರಿಯ ಗೌಜಲಕ್ಕಿ

ದೇವನಹಳ್ಳಿಯಿಂದ ಒಳದಾರಿಯಲ್ಲಿ ಬಂದರೆ ಸಿಗುವ ಚಿಕ್ಕಬೀರಪ್ಪನವರ ಹುಳು ಮನೆಯಲ್ಲಿ ಆ ಸಂಜೆ ನಾವು ನಾಲ್ಕು ಜನ ಸಿಕ್ಕಿಕೊಂಡಿದ್ದೆವು. ಮಧ್ಯಾಹ್ನ ಹಿಡಿದ ಕಾರ್ತಿಕದ ಮಳೆ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ನಾಲ್ಕನೇ ಸಲ ಪೊರೆ ಕಳಚಿ, ಅಂದರೆ ನಾಲ್ಕನೇ ಜ್ವರದಿಂದ, ಎದ್ದ ರೇಷ್ಮೆ ಹುಳುಗಳಿಗೆ ಹಸಿವು ಹೆಚ್ಚು. ಅವು ಸೊಪ್ಪು ತಿನ್ನುವ ಸದ್ದು ಹೊರಗಿನ ಮಳೆಯ ಸದ್ದಿನೊಳಗೆ ಸೇರಿ, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಚಿಕ್ಕಬೀರಪ್ಪನವರಿಗೆ ಎಪ್ಪತ್ತು ದಾಟಿದೆ. ಅವರ ಮೊಮ್ಮಗ ವಸಂತ್ ಮತ್ತು ಅವನ ಹೆಂಡತಿ ಮಮತ ಮೊಬೈಲ್ ಬೆಳಕಿನಲ್ಲಿ ಸೊಪ್ಪು ಹಾಕುತ್ತಿದ್ದರು. ಪಕ್ಕದ ತೋಟದವನಾದ ನಾನು ಮಳೆ ನಿಲ್ಲಲೆಂದು ಕೂತಿದ್ದೆ.

"ನಾಳೇನೂ ಮಂಜು ಬೀಳ್ತದೆ ಗುರು," ಅಂದ ವಸಂತ್ ನನ್ನತ್ತ ತಿರುಗಿ. "ಕ್ವಾರಿ ಕಡೆ ಗೌಜಲಕ್ಕಿ ಕೂಗ್ತಾವೆ. ಬೆಳಿಗ್ಗೆ ಬಲೆ ಎತ್ಕೊಂಡು ಹೋಗೋಣ, ಬರ್ತೀಯಾ?"

"ಮನೆ ಕೋಳಿ ಹಿಡಿಯಕ್ಕೇ ಅರ್ಧ ದಿನ ಓಡ್ದೋರು ಇವ್ರು," ಎಂದು ಮಮತ ನಕ್ಕಳು.

ಮುದುಕರು ನಗಲಿಲ್ಲ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಕೆಳಗಿಟ್ಟು, ಮೊಮ್ಮಗನತ್ತ ತಿರುಗಿದರು.

"ಬಾ ಇಲ್ಲಿ, ಕೂತ್ಕೊ. ನೀನೂ ಕೂತ್ಕೊಳಮ್ಮಾ. ನನ್ನ ತಮ್ಮ ಭೀಮರಾಜ ಕ್ವಾರಿ ನೀರಿಗೆ ಬಿದ್ದು ಸತ್ತ ಅಂತ ಊರಿಗೆಲ್ಲಾ ಗೊತ್ತು. ಹೆಂಗೆ ಬಿದ್ದ ಅಂತ ನಾನು ಯಾರ್ಗೂ ಹೇಳಿಲ್ಲ...

"ಒಂಬತ್ತು ವರ್ಷ ಆಯ್ತು. ಗೌಜಲಕ್ಕಿ ಬೇಟೆ ಅಂದ್ರೆ ಹೆಂಗೆ ಗೊತ್ತಾ? ಸಾಕಿದ ಹಕ್ಕಿ ಒಂದನ್ನ ಗೂಡಲ್ಲಿ ಹಾಕಿ ಪೊದೆ ಮಗ್ಗುಲಲ್ಲಿ ಇಡೋದು, ಸುತ್ತ ಉರುಲು ಕಟ್ಟೋದು, ಹಿಂದೆ ಉಸಿರು ಬಿಗಿ ಹಿಡ್ಕೊಂಡು ಕೂರೋದು. ಅದು ಕೂಗ್ತದೆ... ನಮ್ಮೋರು ಯಾರೋ ಅವ್ರಲ್ಲಾ ಅಂತ ಕಾಡಕ್ಕಿ ಓಡಿ ಬರ್ತದೆ. ಅಷ್ಟೇಯ. ಮನುಷ್ಯನ ಮಾತು ಕೇಳಿದ್ರೆ ಒಂದೂ ಬರಕ್ಕಿಲ್ಲ, ಅದಕ್ಕೇ ನಾವು ಒಬ್ಬೊಬ್ರು ಒಂದೊಂದು ಕಡೆ ಇದ್ರೆ ನಾವೂ ಹಕ್ಕಿ ಥರಾನೇ ಕೂಗೋದು. ಒಬ್ಬ ಕರೆದ್ರೆ ಇನ್ನೊಬ್ಬ ಓಗೊಡ್ಲೇಬೇಕು. ಮಂಜಲ್ಲಿ ನಮಗೆ ಅದೊಂದೇ ದಾರಿ.

"ಅವತ್ತು ಭೀಮ ಹಕ್ಕಿ ಎಬ್ಬಿಸಕ್ಕೆ ನೀಲಗಿರಿ ತೋಪಿನ ಆಚೆ ಹೋದ. ಅದ್ರ ಪಕ್ಕದಲ್ಲೇ ಕ್ವಾರಿ, ಕಲ್ಲು ತೆಗೆದು ಬಿಟ್ಟೋಗಿದ್ದ ಹಳ್ಳ, ಮಳೆ ನೀರು ತುಂಬ್ಕೊಂಡಿತ್ತು. ಇನ್ನೂ ಸರಿಯಾಗಿ ಬೆಳಕಾಗಿರ್ಲಿಲ್ಲ, ನನ್ನ ಕೈ ನನಗೇ ಕಾಣದಂಥ ಮಂಜು. ನಾನು ಕರೀತಿದ್ದೆ, ಅವ್ನು ಓಗೊಡ್ತಾ ಹತ್ರ ಹತ್ರ ಬರ್ತಿದ್ದ... ಆಗ ರೋಡಲ್ಲಿ ಫಾರೆಸ್ಟ್ ಜೀಪು ಬಂದು ನಿಂತ್ಕೊಂತು. ಸಿಕ್ಕಿದ್ರೆ ಜೈಲು. ಗೂಡಿನ ಮೇಲೆ ಟವೆಲ್ ಹೊದಿಸಿ, ಬಾಯಿಗೆ ಕೈ ಒತ್ಕೊಂಡು ಮಲಗಿಬಿಟ್ಟೆ. ಭೀಮ ಕರೀತಾನೇ ಇದ್ದ. ಎಡಕ್ಕೋಗಿ ಕರೀತಾನೆ, ಬಲಕ್ಕೋಗಿ ಕರೀತಾನೆ... ಒಂದೇ ಒಂದ್ಸಲ ಓಗೊಟ್ಟಿದ್ರೆ ಏನಾಗ್ತಿತ್ತು? ಕೊಡ್ಲಿಲ್ಲಪ್ಪಾ. ಜೀಪು ಹೋಗೋವರ್ಗೂ ಕೊಡ್ಲಿಲ್ಲ. ಆಮೇಲೆ ಎಷ್ಟು ಕರೆದ್ರೂ ಆ ಕಡೆಯಿಂದ ಸದ್ದಿಲ್ಲ.

"ಮಾರನೇ ವರ್ಷ ಮಂಜು ಬಿದ್ದಾಗ ಹೊಲದ ಬದೀಲಿ ನಿಂತಿದ್ದೆ. ಕ್ವಾರಿ ಕಡೆಯಿಂದ ಕೂಗು. ಹಕ್ಕೀದಲ್ಲ... ಹಕ್ಕಿ ಕೊನೇಲಿ ಧ್ವನಿ ಏರಿಸ್ತದೆ, ಭೀಮ ಇಳಿಸ್ತಿದ್ದ. ಓಗೊಡದೇ ಇರಕ್ಕಾಗ್ತದಾ? ಕೊಟ್ಟೆ. ಅದು ಹಿಂದಿಂದಕ್ಕೆ ಸರೀತು, ನಾನು ಮುಂದ್ಮುಂದಕ್ಕೆ ಹೋದೆ, ಕಾಲಡಿ ಕಲ್ಲೊಂದು ಜಾರ್ತು. ಅದು ನೀರಿಗೆ ಬಿದ್ದ ಸದ್ದು ಬರಕ್ಕೆ ಎಷ್ಟು ಹೊತ್ತಾಯ್ತು ಅಂತೀಯ... ಅಲ್ಲೇ ಕುಸಿದು ಕೂತೆ. ಆಗ ಹೊಳೀತು. ಗೂಡಲ್ಲಿರೋ ಹಕ್ಕಿಗೆ ತನ್ನೋರ್ನ ಸಾಯ್ಸೋ ಆಸೆ ಇರ್ತದಾ? ಒಂಟಿಯಾಗೈತೆ, ಕೂಗ್ತದೆ. ಉರುಲು ಕಟ್ಟೋನು ಬೇರೆ. ನನಗೆ ಭೀಮನ ಮೇಲೆ ಕೋಪ ಇಲ್ಲಪ್ಪಾ... ಅವ್ನನ್ನ ಗೂಡಲ್ಲಿಟ್ಟು ಹಿಂದೆ ಕೂತೈತಲ್ಲ, ಅದು ಯಾವ್ದು?

"ಅವ್ನ ಹೆಂಡ್ತಿ ಪಿಳ್ಳಮ್ಮನಿಗಾದ್ರೂ ಹೇಳ್ಬೇಕಿತ್ತು. ಇದನ್ನ ಹೇಳಿದ್ರೆ ಜೀಪಿನ ಕತೇನೂ ಹೇಳ್ಬೇಕಲ್ಲಾ ಅಂತ ಬಾಯಿ ಮುಚ್ಕೊಂಡಿದ್ದೆ. ಭೀಮ ಬೇಟೆಯಿಂದ ಬರೋವಾಗ ದೂರದಿಂದ್ಲೇ ಹಂಗೆ ಕೂಗೋನು, ಅವ್ಳು ಸ್ನಾನಕ್ಕೆ ನೀರು ಕಾಯ್ಸೋಳು. ಹೋದ್ ವರ್ಷ ಅವ್ಳಿಗೂ ಕೇಳಿಸ್ತು. ನಾವು ಮನೆಗೆ ಹೋಗಿ ನೋಡಿದ್ರೆ ಒಲೆ ಮೇಲೆ ಹಂಡೆ ಕುದೀತಿತ್ತು, ಅವ್ನ ಪಂಚೆ ತೆಗ್ದು ಮಡಿಸಿ ಇಟ್ಟಿದ್ಲು... ಅವ್ಳು ಕ್ವಾರೀಲಿ."

ಮಮತಳ ಕೈಯಿಂದ ಸೊಪ್ಪು ಜಾರಿತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

"ಈ ವರ್ಷ ಎರಡು ಕೂಗು. ಒಂದು ಇಳಿಸ್ತದೆ, ಇನ್ನೊಂದು ಹೆಣ್ಣು ಧ್ವನಿ, ಈಗಿನ್ನೂ ಕಲೀತೈತೆ... ಕೇಳ್ದಂಗೆ ಮಲಗಕ್ಕೂ ಆಗಲ್ಲ, ಹತ್ರ ಹೋಗಕ್ಕೂ ಆಗಲ್ಲ. ಬದೀಲಿ ಕೂತು, ಎಲ್ಲಿ ಓಗೊಟ್ಬಿಡ್ತೀನೋ ಅಂತ ಬಾಯಿಗೆ ಟವೆಲ್ ತುರುಕ್ಕೊಂಡು ಕೇಳಿಸ್ಕೋತೀನಿ. ನನ್ನಿಂದಾಗೋದು ಅಷ್ಟೇಯ."

"ನಾನು ಹೋಗಲ್ಲ ಬಿಡು ತಾತ," ಅಂದ ವಸಂತ್.

"ಈಗ ಹಂಗೇ ಅಂತೀಯ..." ಮುದುಕರು ಅವನ ಮುಖವನ್ನೇ ನೋಡಿದರು. "ಇವತ್ತು ಬೆಳಿಗ್ಗೆ, ಅವೆರಡೂ ಕೂಗಿ ಸುಮ್ಮನಾದ ಮೇಲೆ, ಮೂರನೇದೊಂದು ಕೂಗ್ತು. ನಡೂ ಮಧ್ಯೆ ಒಂಚೂರು ಒಡೀತದೆ. ಮುಂದಿನ ಹಲ್ಲು ಬಿದ್ದ ಮೇಲೆ ಹಂಗೇ ಬರೋದು... ನನ್ನ ಕೂಗು ಕಣೋ ಅದು. ನಾನು ಬದೀಲೇ ಇದ್ದೆ. ಬಾಯಲ್ಲಿ ಟವೆಲ್ ಇತ್ತು.

"ಅದಕ್ಕೇ ಹೇಳ್ತಿರೋದು ವಸಂತಾ. ಮಂಜಲ್ಲಿ ನಾನು ಕರೆದ್ರೆ ಬರ್ಬೇಡ. ಎಷ್ಟು ಕರೆದ್ರೂ ಬರ್ಬೇಡ, ಅತ್ತು ಕರೆದ್ರೂ ಬರ್ಬೇಡ...

"ಆದ್ರೆ ಏನ್ಮಾಡ್ಲಪ್ಪಾ... ನಾನು ಕರೆದು, ಬರದೇ ಉಳಿದ ಹಕ್ಕಿ ಇದುವರ್ಗೂ ಒಂದೂ ಇಲ್ಲ."